ತಲೆಸ್ನಾನದ ಮೇಲೆ ಸಾಂಬ್ರಾಣಿ ಹೊಗೆ: ಕೂದಲಿಗೆ ಔಷಧಿನಾ, ಬರೀ ಘಮನಾ?

ಮಂಚೇನಹಳ್ಳಿ ಮಲ್ಲಿಗೆ
ನಮ್ಮ ಚಿಕ್ಕಬಳ್ಳಾಪುರದ ಕಡೆ ತಲೆಗೆ ನೀರು ಹಾಕ್ಕೊಂಡ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯೋದು ಹಳೇ ರೂಢಿ. ಈಗ ಅದನ್ನೇ ‘ಕೇಶ ಧೂಪ’ ಅಂತ ಡಬ್ಬಿಗೆ ತುಂಬಿ ಆನ್‌ಲೈನಲ್ಲಿ ಮಾರ್ತಿದ್ದಾರೆ. ಕೂದಲು ಉದುರೋದು ನಿಲ್ಲುತ್ತೆ, ಹೊಟ್ಟು ಹೋಗುತ್ತೆ, ಹೇನು ಸಾಯುತ್ತೆ, ಕೂದಲು ನರೆಯಲ್ಲ, ಎಲ್ಲಾ ಒಂದೇ ಡಬ್ಬಿಯಲ್ಲಿ. ಇದರಲ್ಲಿ ಎಷ್ಟು ನಿಜ? ಡ್ರೈಯರ್ ಬಿಟ್ಟು ವಾರಕ್ಕೆ ಎರಡು ಸಲ ಇದನ್ನೇ ಮಾಡಬಹುದಾ? ಸಾಮಾನು ಏನೇನು, ಎಷ್ಟು, ಎಷ್ಟು ಹೊತ್ತು? ಸೊಂಟದವರೆಗಿನ ಕೂದಲು, ಬೋರ್‌ವೆಲ್ ನೀರು. ಅದನ್ನ ಲೆಕ್ಕಕ್ಕೆ ಇಟ್ಕೊಂಡು ಹೇಳಿ.

ಅಜ್ಜಿಕಟ್ಟಳೆ
ಕೇಳೋದೇನಿದೆ ಇದರಲ್ಲಿ, ಧಾರಾಳವಾಗಿ ಮಾಡಿ. ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಮೇಲೆ ಸಾಂಬ್ರಾಣಿ ಪುಡಿ, ಒಣಗಿದ ಬೇವಿನೆಲೆ, ಚೂರು ಬಜೆ ಉದುರಿಸಿ ಮಂಕರಿ ಬೋರಲು ಹಾಕಬೇಕು. ಚಾಪೆ ಮೇಲೆ ಮಲಗಿ ಕೂದಲನ್ನ ಮಂಕರಿ ಮೇಲೆ ಹರವಿದರೆ ಬುಡದಿಂದ ತುದಿವರೆಗೆ ಆರುತ್ತೆ. ಹೊಗೆ ಕೂದಲು ಉದುರೋದನ್ನ ತಡೆಯುತ್ತೆ ಅಂತ ಚರಕ ಸಂಹಿತೆಯಲ್ಲೇ ಇದೆ. ಡ್ರೈಯರ್ ಬಂದಿದ್ದು ನೆನ್ನೆ ಮೊನ್ನೆ.

ಬಿಎಎಂಎಸ್ ಕೋಲಾರ
ಚರಕದಲ್ಲಿ ಇದೆ, ಆದರೆ ಅಲ್ಲಿರೋದು ಈ ಹೊಗೆ ಅಲ್ಲ. ಸೂತ್ರಸ್ಥಾನದ 5ನೇ ಅಧ್ಯಾಯದಲ್ಲಿ ಧೂಮಪಾನದ ಪ್ರಯೋಜನ ಹೇಳುವಾಗ ತಲೆನೋವು, ನೆಗಡಿ, ಅರ್ಧ ತಲೆಶೂಲೆ ಜೊತೆಗೆ ಬೋಳಾಗೋದು, ಕೂದಲು ಕೆಂಚಾಗೋದು, ಉದುರೋದು ಕಡಿಮೆಯಾಗುತ್ತೆ ಅಂತ ಬರುತ್ತೆ. ಆ ಧೂಮಪಾನ ಅಂದರೆ ಔಷಧಿ ಬತ್ತಿಯ ಹೊಗೆಯನ್ನ ನಳಿಗೆಯಲ್ಲಿ ಎಳೆದುಕೊಳ್ಳೋದು. ಗುಗ್ಗುಳ, ಜಟಾಮಾಂಸಿ, ಅಗರು, ಲಾವಂಚ, ಏಲಕ್ಕಿ, ಸರ್ಜರಸ ಮುಂತಾದವನ್ನ ಅರೆದು ಹೆಬ್ಬೆರಳು ದಪ್ಪಕ್ಕೆ, 8 ಅಂಗುಲ ಉದ್ದಕ್ಕೆ ಬತ್ತಿ ಮಾಡಿ, ಒಣಗಿಸಿ, ತುಪ್ಪ ಸವರಿ ಹೊತ್ತಿಸೋದು. ದಿನನಿತ್ಯದ ಪ್ರಾಯೋಗಿಕ ಧೂಮಕ್ಕೆ ನಳಿಗೆ 36 ಅಂಗುಲ. ಹೊಗೆ ಅಷ್ಟು ದೂರ ಬರೋ ಹೊತ್ತಿಗೆ ಬಿಸಿ, ಖಾರ ಎರಡೂ ತಗ್ಗಿರಲಿ ಅಂತ. ಯಾರಿಗೆ ಕೊಡಬಾರದು ಅನ್ನೋ ಪಟ್ಟಿಯೂ ಅಲ್ಲೇ ಇದೆ, ಅದರಲ್ಲಿ ಗರ್ಭಿಣಿ ಕೂಡ ಇದ್ದಾಳೆ. ಡಬ್ಬಿ ಮಾರೋರು ಆ ಸಾಲನ್ನ ಬಿಟ್ಟು ಮೊದಲಿನದನ್ನ ಮಾತ್ರ ಹಾಕ್ತಾರೆ.

ಇನ್ನು ಧೂಪನ ಅನ್ನೋದು ಬೇರೇನೇ ಕ್ರಮ. ಸುಶ್ರುತದಲ್ಲಿ ಗಾಯವಾದವನ ಕೋಣೆಗೆ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪು ಸೇರಿಸಿ ದಿನಕ್ಕೆ ಎರಡು ಸಲದಂತೆ ಹತ್ತು ದಿನ ಹೊಗೆ ಹಾಕಲು ಹೇಳಿದೆ. ಚರಕದ ಶಾರೀರಸ್ಥಾನದ 8ನೇ ಅಧ್ಯಾಯದಲ್ಲಿ ಕೂಸಿನ ಬಟ್ಟೆ, ಹಾಸಿಗೆ, ಹೊದಿಕೆಗೆ ಧೂಪ ಹೇಳಿದೆ. ಅಲ್ಲಿ ಹೊಗೆ ಬೀಳೋದು ಕೋಣೆಗೆ, ಬಟ್ಟೆಗೆ. ಕೂದಲು ಬೆಳೆಸೋಕೆ ಅಂತ ಅಲ್ಲ. ಕೂದಲಿಗೆ ಶಾಸ್ತ್ರ ಕೈ ಹಿಡಿಯೋದು ಎಣ್ಣೆಯನ್ನ. ಅದೇ ಸೂತ್ರಸ್ಥಾನದ 5ನೇ ಅಧ್ಯಾಯದಲ್ಲಿ, ದಿನಾ ತಲೆಗೆ ಎಣ್ಣೆ ಇಡೋರಿಗೆ ಕೂದಲು ಉದುರಲ್ಲ, ನರೆಯಲ್ಲ ಅಂತ ನೇರವಾಗಿ ಇದೆ. ಗರುಗ, ನೆಲ್ಲಿ, ನಸ್ಯ (ಮೂಗಿಗೆ ಬಿಡೋ ಔಷಧಿ), ಇವು ನಮ್ಮ ಕೇಶ ಚಿಕಿತ್ಸೆಯ ಸಾಮಾನು. ಹೊಗೆ ಸ್ನಾನದ ಕೊನೆಯ ಒಪ್ಪ, ಅಷ್ಟೇ.

ಅಜ್ಜಿಕಟ್ಟಳೆ
ಒಪ್ಪವೋ ಔಷಧಿಯೋ, ಕೂದಲು ದಪ್ಪ ಇದ್ದಿದ್ದಂತೂ ಸುಳ್ಳಲ್ಲವಲ್ಲ.

ಗ್ರಂಧಿಗೆ ಗುಂಡಣ್ಣ, ತುಮಕೂರು
ಶಾಸ್ತ್ರ ನೀವು ನೋಡ್ಕೊಳ್ಳಿ, ಸಾಮಾನಿನ ಮಾತು ನಾನು ಹೇಳ್ತೀನಿ. ಅಂಗಡಿಯಲ್ಲಿ ‘ಸಾಂಬ್ರಾಣಿ ಕೊಡಿ’ ಅಂದರೆ ಬೇರೆ ಬೇರೆ ಮಾಲು ಬರುತ್ತೆ.

ಗಟ್ಟಿ ಸಾಂಬ್ರಾಣಿ ಸುಮಾತ್ರಾ ಕಡೆಯ ಸ್ಟೈರಾಕ್ಸ್ ಮರದ ಅಂಟು. ಹೆಂಟೆ ಒಡೆದರೆ ಒಳಗೆ ಕೆಂಚು ಬೂದು ಬಣ್ಣ, ನಡುನಡುವೆ ಬಾದಾಮಿ ಚೂರು ಹುದುಗಿಸಿದ ಹಾಗೆ ಬಿಳಿ ತುಣುಕು ಕಾಣ್ತವೆ. ಬಿಳಿ ತುಣುಕು ಜಾಸ್ತಿ ಇದ್ದಷ್ಟೂ ಒಳ್ಳೇ ಮಾಲು. ಬೆರಳಲ್ಲಿ ಉಜ್ಜಿದರೆ ವೆನಿಲಾ ಥರ ಸಿಹಿ ವಾಸನೆ. ಇದಕ್ಕೆ ಬೆರಕೆ ಮಾಡೋದು ಪೈನ್ ಮರದ ರಾಳ. ಅದು ಗಾಜಿನ ಹಾಗೆ ಪಾರದರ್ಶಕ, ಜೇನಿನ ಬಣ್ಣ, ಒಡೆದರೆ ಹರಿತವಾಗಿ ಸೀಳುತ್ತೆ. ಕೆಂಡಕ್ಕೆ ಹಾಕಿದ ತಕ್ಷಣ ಕಣ್ಣು ಉರಿ, ಗಂಟಲು ಕೆರೆತ, ಹೊಗೆ ಕಪ್ಪು. ಪುಡಿ ಮಾಡಿದ ಮೇಲೆ ಎರಡನ್ನೂ ಗುರುತಿಸೋದು ಕಷ್ಟ. ಅದಕ್ಕೇ ಪುಡಿ ತಗೋಬೇಡಿ, ಹೆಂಟೆ ತಗೊಂಡು ಮನೆಯಲ್ಲಿ ಕುಟ್ಟಿ.

ಗುಗ್ಗುಳ ಬೇರೆ. ರಾಜಸ್ಥಾನ, ಗುಜರಾತಿನ ಬೆಂಗಾಡಿನ ಗಿಡ. ಅಸಲಿ ಗುಗ್ಗುಳ ಅಂಟಂಟು, ಕಹಿ, ಕುಟ್ಟಿದರೆ ಪುಡಿಯಾಗದೆ ಒರಳಿಗೆ ಮೆತ್ತಿಕೊಳ್ಳುತ್ತೆ. ಪಟಪಟ ಅಂತ ಪುಡಿಯಾದರೆ ಅದು ಗುಗ್ಗುಳ ಅಲ್ಲ ಅಂತ ತಿಳ್ಕೊಳ್ಳಿ. ಗಿಡ ಅಳಿವಿನಂಚಿಗೆ ಬಂದಿದೆ, ಕೂದಲ ಘಮಕ್ಕೆ ಅದನ್ನ ಸುಡೋ ಅಗತ್ಯ ಇಲ್ಲ.

ಕಂಪ್ಯೂಟರ್ ಸಾಂಬ್ರಾಣಿ, ಅದೇ ಕಪ್ಪು ಬಟ್ಟಲಿನ ಥರದ್ದು, ತಲೆಗೆ ಬೇಡವೇ ಬೇಡ. ಅದರಲ್ಲಿ ಇರೋದು ಬಹುಪಾಲು ಇದ್ದಿಲ ಪುಡಿ, ಮರದ ಪುಡಿ, ಅಂಟಿಗೆ ಜಿಗಟು, ಮೇಲೆ ಸೆಂಟು. ಬೇಗ ಹೊತ್ತಿಕೊಳ್ಳಲಿ ಅಂತ ಪೆಟ್ಲುಪ್ಪು ಸೇರಿಸೋದೂ ಉಂಟು. ದೇವರ ಮನೆಗೆ ಆಯ್ತು, ಒದ್ದೆ ಕೂದಲಿಗೆ ಹಿಡಿದರೆ ಇದ್ದಿಲ ಮಸಿ ಮತ್ತು ಸೆಂಟಿನ ಎಣ್ಣೆ ಎರಡೂ ಮೆತ್ತುತ್ತೆ.

ಕರಟ ಇದ್ದಿಲು, ತಿಪಟೂರು
ಸಾಮಾನಿಗಿಂತ ಕೆಂಡದಲ್ಲೇ ಜನ ಎಡವೋದು. ಸಾಂಬ್ರಾಣಿ ಕರಗಿ ಹಬೆಯಾಗಬೇಕು, ಸುಟ್ಟು ಉರಿಯಬಾರದು. ಸಾಂಬ್ರಾಣಿಯಲ್ಲಿರೋ ಬೆಂಜೋಯಿಕ್ ಆಮ್ಲ 122 ಡಿಗ್ರಿಗೆ ಕರಗುತ್ತೆ, ಅಲ್ಲಿಂದ ಸುಲಭವಾಗಿ ಆವಿಯಾಗುತ್ತೆ. ಕೆಂಪಗೆ ಉರಿಯೋ ಕೆಂಡದ ಮೈ 600 ಡಿಗ್ರಿ ದಾಟಿರುತ್ತೆ. ನೇರವಾಗಿ ಅದರ ಮೇಲೆ ಸುರಿದರೆ ಅಂಟು ಹೊತ್ತಿ ಮಸಿ ಏಳುತ್ತೆ. ಆಮೇಲೆ ‘ಕೂದಲು ಜಿಡ್ಡಾಯ್ತು, ಒರಟಾಯ್ತು’ ಅಂತ ದೂರು.

ಕರಟದ ಇದ್ದಿಲು ಒಳ್ಳೇದು, ಕಿಡಿ ಸಿಡಿಯಲ್ಲ, ಕಾವು ತುಂಬಾ ಹೊತ್ತು ನಿಲ್ಲುತ್ತೆ. ನಿಂಬೆ ಗಾತ್ರದ ಮೂರು ನಾಲ್ಕು ತುಂಡು ಸಾಕು. ಹೊರಗಡೆ, ಅಂಗಳದಲ್ಲೋ ತಾರಸಿ ಮೇಲೋ ಹೊತ್ತಿಸಿ. ಸೀಮೆಎಣ್ಣೆ ಬೇಡ, ವಾಸನೆ ಕೊನೇವರೆಗೂ ಹೋಗಲ್ಲ. ಜ್ವಾಲೆ ಪೂರ್ತಿ ಇಳಿದು, ತುಂಡಿನ ಮೈ ತುಂಬ ಬಿಳಿ ಬೂದಿ ಕೂತ ಮೇಲೆ ಮಣ್ಣಿನ ಅಗ್ಗಿಷ್ಟಿಕೆಗೆ ಹಾಕಿ, ಮೇಲೆ ಜರಡಿ ಹಿಡಿದ ಬೂದಿ ಅರ್ಧ ಇಂಚು ಹರಡಿ. ಸಾಂಬ್ರಾಣಿ ಹಾಕೋದು ಆ ಬೂದಿ ಮೇಲೆ. ಕಡಲೆಕಾಳು ಗಾತ್ರದ ನಾಲ್ಕೈದು ಚೂರು, ತೂಕ ಹಾಕಿದರೆ 2 ಗ್ರಾಂ ಆಸುಪಾಸು. ಒಂದು ಸಲಕ್ಕೆ ಎರಡೇ ಚೂರು, ಅದು ಕರಗಿದ ಮೇಲೆ ಇನ್ನೆರಡು.

ಸರಿಯಾಗಿದೆಯಾ ಅಂತ ನೋಡೋಕೆ ಸುಲಭ ದಾರಿ: ತಣ್ಣಗಿರೋ ಸ್ಟೀಲ್ ತಟ್ಟೆಯನ್ನ ಹೊಗೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹತ್ತು ಎಣಿಸೋ ತನಕ ಹಿಡಿದು ತಿರುಗಿಸಿ ನೋಡಿ. ತೆಳ್ಳಗೆ ಬಿಳಿ ಮಂಜು, ಬೆರಳಿಟ್ಟರೆ ಸಣ್ಣ ಹರಳಿನ ಹಾಗೆ ಉದುರಿದರೆ ಕಾವು ಸರಿ, ಮಾಲೂ ಸರಿ. ಕಪ್ಪು ಮಸಿ ಕೂತರೆ ಕೆಂಡ ಜಾಸ್ತಿ, ಇನ್ನಷ್ಟು ಬೂದಿ ಮುಚ್ಚಿ. ಹಳದಿ ಅಂಟು ಕೂತರೆ ಗುಂಡಣ್ಣ ಹೇಳಿದ ಪೈನ್ ರಾಳ ಬೆರೆತಿದೆ ಅಂತ ಅನುಮಾನ ಪಡಿ. ತಟ್ಟೆ ಮೇಲೆ ಏನು ಕೂರುತ್ತೋ ಕೂದಲ ಮೇಲೂ ಅದೇ ಕೂರೋದು.

ಚರ್ಮದ ಡಾಕ್ಟ್ರು
ತಟ್ಟೆಯ ಪರೀಕ್ಷೆ ಚೆನ್ನಾಗಿದೆ. ಆದರೆ ಬಿಳಿ ಮಂಜು ಬಂತು ಅಂದಕೂಡಲೇ ಹೊಗೆ ಶುದ್ಧ ಅಂತಲ್ಲ. ಕೆಂಡ ಇದ್ದ ಮೇಲೆ ಕಾರ್ಬನ್ ಮೊನಾಕ್ಸೈಡ್ ಇದ್ದೇ ಇರುತ್ತೆ. ಅದಕ್ಕೆ ಬಣ್ಣ, ವಾಸನೆ ಇಲ್ಲ, ಹೊಗೆಯಿಲ್ಲದ ಕೆಂಡದಿಂದಲೂ ಬರುತ್ತೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ, ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ತಲೆ ಸುತ್ತಿತು, ವಾಂತಿ ಬಂತು ಅಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನ, ದೃಷ್ಟಿಯನ್ನಲ್ಲ.

ಇನ್ನು ಕೂದಲಿನ ವಿಷಯ. ಹೊಗೆ ಮುಟ್ಟೋದು ಚರ್ಮದಿಂದ ಹೊರಗಿರೋ ಎಳೆಯನ್ನ. ಅದು ಸತ್ತ ಕೆರಟಿನ್. ಕೂದಲು ಹುಟ್ಟೋ ಬುಡ ಚರ್ಮದಿಂದ ಕೆಲವು ಮಿಲಿಮೀಟರ್ ಕೆಳಗಿದೆ, ಅಲ್ಲಿಗೆ ಹೊಗೆ ಇಳಿಯಲ್ಲ. ಹೊಟ್ಟು ಮಲಸೀಜಿಯಾ ಅನ್ನೋ ಯೀಸ್ಟ್ ಮತ್ತು ತಲೆಯ ಜಿಡ್ಡಿನ ಆಟ. ಮೂರು ನಿಮಿಷದ ಹೊಗೆಗೆ ಅದು ಜಗ್ಗಲ್ಲ. 2% ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆದು, ನಾಲ್ಕು ವಾರ ಮಾಡಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತೆ.

ಹೇನು ಹೊಗೆಗೆ ಸಾಯಲ್ಲ. ಉಸಿರು ರಂಧ್ರ ಮುಚ್ಚಿಕೊಂಡು ಗಂಟೆಗಟ್ಟಲೆ ಇರಬಲ್ಲ ಜೀವ ಅದು. ಸೀರು ಮೊಟ್ಟೆಗಳಂತೂ ಎಳೆಗೆ ಗೋಂದು ಹಾಕಿದ ಹಾಗೆ ಅಂಟಿರುತ್ತವೆ. 1% ಪರ್ಮೆಥ್ರಿನ್ ಹತ್ತು ನಿಮಿಷ ಹಚ್ಚಿ ತೊಳೆದು, 7ರಿಂದ 10 ದಿನ ಬಿಟ್ಟು ಇನ್ನೊಂದು ಸಲ. ನಡುವೆ ಒದ್ದೆ ಕೂದಲಲ್ಲಿ ಸೀರಣಿಗೆ ಹಾಕಿ ಬಾಚಿ. ಎರಡನೇ ಸಲ ಮರೆತವರಿಗೇ ಮತ್ತೆ ಹೇನಾಗೋದು.

ಅಜ್ಜಿಕಟ್ಟಳೆ
ಹಾಗಾದರೆ ಇದಕ್ಕೆ ಉತ್ತರ ಕೊಡಿ ಡಾಕ್ಟ್ರೇ. ಬಾಣಂತಿಗೆ ಎಣ್ಣೆ ನೀರು ಹಾಕಿ ಹೊಗೆ ಹಿಡಿಯೋವರೆಗೆ ಕೂದಲು ಉದುರಲ್ಲ. ಮೂರು ತಿಂಗಳಾಗಿ ತವರಿಂದ ಗಂಡನ ಮನೆಗೆ ಹೋಗಿ ಹೊಗೆ ನಿಂತ ಕೂಡಲೇ ಗೋಣಿ ಗೋಣಿ ಉದುರುತ್ತೆ. ಯಾವ ಮನೆಯಲ್ಲಿ ಬೇಕಾದರೂ ಕೇಳಿ.

ಚರ್ಮದ ಡಾಕ್ಟ್ರು
ನೀವು ಕಂಡಿದ್ದು ನಿಜ, ಕಾರಣ ಬೇರೆ. ಬಸಿರಿನಲ್ಲಿ ಹಾರ್ಮೋನ್ ಏರಿದ್ದರಿಂದ ಉದುರಬೇಕಾದ ಕೂದಲೂ ಬೆಳೆಯೋ ಹಂತದಲ್ಲೇ ಉಳಿದುಬಿಡುತ್ತೆ. ಹೆರಿಗೆಯಾದ ಕೂಡಲೇ ಹಾರ್ಮೋನ್ ಇಳಿಯುತ್ತೆ, ಆ ಎಳೆಗಳೆಲ್ಲ ಒಟ್ಟಿಗೆ ವಿಶ್ರಾಂತಿ ಹಂತಕ್ಕೆ ಹೋಗ್ತವೆ. ವಿಶ್ರಾಂತಿ ಹಂತ ಎರಡು ಮೂರು ತಿಂಗಳು. ಅದು ಮುಗಿದಾಗ ಬುಡದಿಂದ ಕಳಚಿ ಬೀಳ್ತವೆ. ಅಂದರೆ ಮೂರನೇ ತಿಂಗಳ ಹೊತ್ತಿಗೆ, ಸರಿಯಾಗಿ ಬಾಣಂತನ ಮುಗಿಯೋ ಕಾಲಕ್ಕೆ. ಹೊಗೆ ಮುಂದುವರಿಸಿದರೂ ಉದುರುತ್ತೆ, ಹೊಗೆಯೇ ಹಾಕದವರಿಗೂ ಉದುರುತ್ತೆ, ಹೆಚ್ಚಿನವರಿಗೆ ಮಗುವಿಗೆ ವರ್ಷ ತುಂಬೋ ಹೊತ್ತಿಗೆ ತಾನಾಗಿ ಸರಿಹೋಗುತ್ತೆ. ಡೆಂಗಿ, ಟೈಫಾಯ್ಡ್ ಆದವರಿಗೆ ಎರಡು ಮೂರು ತಿಂಗಳ ಮೇಲೆ ಕೂದಲು ಉದುರೋದೂ ಇದೇ ಲೆಕ್ಕ. ಆಗ ಯಾರಾದರೂ ಹೊಸ ಎಣ್ಣೆ, ಹೊಸ ಧೂಪ ಶುರುಮಾಡಿದರೆ ನಿಂತಿದ್ದರ ಹೆಸರು ಅದಕ್ಕೆ ಹೋಗುತ್ತೆ. ಮಾರಾಟದ ಡಬ್ಬಿಗಳು ಬದುಕಿರೋದೇ ಈ ಹೊಂದಾಣಿಕೆಯ ಮೇಲೆ. ವರ್ಷ ದಾಟಿದರೂ ನಿಲ್ಲದಿದ್ದರೆ ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್ ನೋಡಿಸಬೇಕು.

ಬಿಎಎಂಎಸ್ ಕೋಲಾರ
ಇದನ್ನ ನಾನೂ ಒಪ್ತೀನಿ. ಒಂದೇ ತಕರಾರು: ‘ಏನೂ ಉಪಯೋಗ ಇಲ್ಲ’ ಅನ್ನೋದು ಅತಿ. ಎಣ್ಣೆಸ್ನಾನದ ದಿನ ಉದ್ದ ಕೂದಲನ್ನ ಗಂಟು ಕಟ್ಟಿ ಒದ್ದೆಯಲ್ಲೇ ಬಿಟ್ಟರೆ ಮುಗ್ಗು ವಾಸನೆ ಬರುತ್ತೆ, ತಲೆ ಭಾರ ಅಂತಾರೆ. ಹೊಗೆ ಹಿಡಿಯೋ ನೆಪದಲ್ಲಿ ಅರ್ಧ ಗಂಟೆ ಕೂದಲು ಬಿಚ್ಚಿ, ಬೆರಳಲ್ಲಿ ಬಿಡಿಸಿ ಆರಿಸ್ತಾರೆ. ಒಳ್ಳೇದು ಮಾಡೋದು ಆ ಆರಿಸೋ ಕ್ರಮ.

ಮಂಚೇನಹಳ್ಳಿ ಮಲ್ಲಿಗೆ
ಹಾಗಾದರೆ ಡ್ರೈಯರ್‌ಗಿಂತ ಮೇಲಾ? ಅದನ್ನ ಹೇಳಿ. ಮತ್ತೆ ನೀರಿನ ಮಾತು ಯಾರೂ ಎತ್ತಲಿಲ್ಲ. ಬಾಗೇಪಲ್ಲಿ, ಚಿಂತಾಮಣಿ ಕಡೆ ಫ್ಲೋರೈಡ್ ನೀರಿಗೇ ಕೂದಲು ಉದುರೋದು ಅಂತಾರಲ್ಲ?

ಚರ್ಮದ ಡಾಕ್ಟ್ರು
ಕಾವು ಕಾವೇ, ಎಲ್ಲಿಂದ ಬಂದರೂ. ಒದ್ದೆ ಎಳೆಗೆ ಜಾಸ್ತಿ ಕಾವು ತಗಲಿದರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತೆ, ಅಲ್ಲಿಗೆ ಎಳೆ ಮುರಿಯುತ್ತೆ. ಡ್ರೈಯರ್‌ಗೆ ಕಾವು ತಗ್ಗಿಸೋ ಗುಂಡಿಯಾದರೂ ಇದೆ, ಕೆಂಡಕ್ಕೆ ದೂರವೇ ಗುಂಡಿ. ಕೂದಲು ಇರೋ ಎತ್ತರದಲ್ಲಿ ಅಂಗೈ ಹಿಡಿದು ಇಪ್ಪತ್ತು ಎಣಿಸಿ. ಕೈ ಹಿಂದಕ್ಕೆ ಎಳೆದುಕೊಳ್ಳೋ ಹಾಗಾದರೆ ಕೂದಲಿಗೂ ಜಾಸ್ತಿ. ಒಂದು ಮೊಳಕ್ಕಿಂತ ಹತ್ತಿರ ಬೇಡ. ನೀರು ತೊಟ್ಟಿಕ್ಕೋ ಕೂದಲಿಗೆ ಹಿಡಿಯಬೇಡಿ, ಹತ್ತಿ ಪಂಚೆಯಲ್ಲಿ ಸುತ್ತಿ ಮುಕ್ಕಾಲು ಆರಿದ ಮೇಲೆ ಮೂರು ನಿಮಿಷ, ಹೆಚ್ಚೆಂದರೆ ಐದು. ಕೂದಲಿಗೆ ಎಣ್ಣೆ ಇದ್ದಾಗಲೂ ಬೇಡ, ಹೊಗೆಯ ಕಣ ಎಲ್ಲ ಅದಕ್ಕೇ ಅಂಟುತ್ತೆ. ಸೀರಮ್, ಸ್ಪ್ರೇ ಹಾಕಿದ್ದರೆ ಕೆಂಡದ ಹತ್ತಿರವೇ ಹೋಗಬೇಡಿ, ಹಲವು ಸ್ಪ್ರೇಗಳಲ್ಲಿ ಆಲ್ಕೋಹಾಲ್ ಇರುತ್ತೆ, ಭಗ್ ಅಂತ ಹತ್ತಿಕೊಳ್ಳುತ್ತೆ. ನೈಲಾನ್ ನೈಟಿ, ಸಿಂಥೆಟಿಕ್ ದುಪಟ್ಟಾ ಕೂಡ ಬೇಡ.

ಫ್ಲೋರೈಡ್ ಕುಡಿಯೋ ನೀರಿನ ಸಮಸ್ಯೆ, ಕೆಡೋದು ಹಲ್ಲು, ಮೂಳೆ. ಸ್ನಾನದಲ್ಲಿ ಕೂದಲನ್ನ ಕಾಡೋದು ಗಡಸುತನ, ಅಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ. ಕುಡಿಯೋ ನೀರಿಗೆ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ನಮ್ಮ ಆಳದ ಬೋರ್‌ಗಳಲ್ಲಿ ಅದು ದಾಟೋದು ಹೊಸದೇನಲ್ಲ. ಇದರಿಂದ ಕೂದಲು ಒರಟಾಗಿ ನಡುವೆ ಮುರಿಯುತ್ತೆ. ಬುಡದಿಂದ ಉದುರೋದು ಬೇರೆ, ಮುರಿಯೋದು ಬೇರೆ. ಬಿದ್ದ ಎಳೆಯ ತುದಿಯಲ್ಲಿ ಸಣ್ಣ ಬಿಳಿ ಗಡ್ಡೆ ಕಂಡರೆ ಉದುರಿದ್ದು, ಇಲ್ಲದಿದ್ದರೆ ಮುರಿದಿದ್ದು.

ಗ್ರಂಧಿಗೆ ಗುಂಡಣ್ಣ, ತುಮಕೂರು
ಗಡಸು ನೀರಿಗೆ ಸೋಪು ಹಾಕಿದರೆ ಬಿಳಿ ಗಷ್ಟು ಕೂದಲಿಗೆ ಮೆತ್ತುತ್ತೆ. ಸೀಗೆ, ಅಂಟುವಾಳಕ್ಕೆ ಆ ತೊಂದರೆ ಇಲ್ಲ. ಸೊಂಟದ ಉದ್ದಕ್ಕೆ ಸೀಗೆಪುಡಿ ನಾಲ್ಕು ಚಮಚ, ಅಂಟುವಾಳದ ಸಿಪ್ಪೆ ಪುಡಿ ಒಂದು ಚಮಚ, ಬೇಕಾದರೆ ಮೆಂತ್ಯದ ಪುಡಿ ಒಂದು ಚಮಚ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಿ. ಸೋಸದೆ ಹಚ್ಚಿದರೆ ಪುಡಿ ಕೂದಲಲ್ಲೇ ಉಳಿಯುತ್ತೆ, ಆಮೇಲೆ ಅದನ್ನೇ ಹೊಟ್ಟು ಅಂತಾರೆ! ಕೊನೆಗೆ ಒಂದು ಲೀಟರ್ ನೀರಿಗೆ ಒಂದು ಚಮಚ ನಿಂಬೆರಸ ಹಿಂಡಿ ಸುರಿದುಕೊಳ್ಳಿ. ತೊಟ್ಟಿಯಲ್ಲಿ ಮಳೆನೀರು ಹಿಡಿದಿದ್ದರೆ ಕೊನೆಯ ಎರಡು ಚೊಂಬು ಅದರದ್ದೇ ಇರಲಿ.

ಶಿಡ್ಲಘಟ್ಟ ಗೂಡು
ಒಂದು ಮಾತು ಸೇರಿಸ್ತೀನಿ, ನಮ್ಮ ಕಡೆಯವರಿಗೆ. ಹುಳು ಮನೆ ಪಕ್ಕದಲ್ಲಿ ಇದೆಲ್ಲ ಬೇಡ. ರೇಷ್ಮೆ ಹುಳುವಿಗೆ ಹೊಗೆ, ಘಾಟು ಆಗಲ್ಲ, ಸೊಪ್ಪು ಬಿಟ್ಟು ತಲೆ ಎತ್ತಿಬಿಡುತ್ತೆ. ಗಾಳಿ ಯಾವ ಕಡೆಗೆ ಬೀಸ್ತಿದೆ ನೋಡ್ಕೊಳ್ಳಿ. ಹೊಗೆ ಹಾಕಿದ ಕೈಯಲ್ಲಿ ಹಾಗೇ ಸೊಪ್ಪು ಹಾಕೋಕೆ ಹೋಗಬೇಡಿ.

ಅಜ್ಜಿಕಟ್ಟಳೆ
ಹುಳುವಿಗೂ ಆಗಲ್ಲ, ಕೂದಲಿಗೂ ಆಗಲ್ಲ. ಇನ್ನು ಕೂಸಿಗೆ ಹಾಕಬೇಡಿ ಅಂತೀರಿ, ಅದೊಂದು ಬಾಕಿ.

ಚರ್ಮದ ಡಾಕ್ಟ್ರು
ಅದನ್ನೇ ಹೇಳೋಕೆ ಬಂದೆ. ಕೂಸನ್ನ ಹೊಗೆ ಮೇಲೆ ಹಿಡಿಯಬೇಡಿ, ನೆತ್ತಿಗೂ ಬೇಡ. ಎಳೇ ಶ್ವಾಸಕೋಶ, ನಮಗಿಂತ ಬೇಗ ಬೇಗ ಉಸಿರಾಡುತ್ತೆ. ಧೂಪಕ್ಕೆ ಕರ್ಪೂರ ಸೇರಿಸೋರು ಇದ್ದಾರೆ, ಅದು ಮಕ್ಕಳಿಗೆ ವಿಷ, ಫಿಟ್ಸ್ ತರಿಸುತ್ತೆ. ಮನೆಯಲ್ಲಿ ಉಬ್ಬಸ ಇರೋರು ಇದ್ದರೆ ಒಳಗಡೆ ಹೊಗೆಯೇ ಬೇಡ. ದೊಡ್ಡವರಲ್ಲೂ ಕೆಲವರಿಗೆ ಸಾಂಬ್ರಾಣಿ ಅಲರ್ಜಿ. ಗಾಯಕ್ಕೆ ಹಚ್ಚೋ ಟಿಂಚರ್ ಬೆಂಜೋಯಿನ್‌ಗೆ ಚರ್ಮ ಕೆಂಪಾಗಿದ್ದರೆ ಇದೂ ಆಗಿಬರಲ್ಲ. ಹಣೆ, ಕಿವಿ ಹಿಂದೆ, ಕಣ್ಣಿನ ರೆಪ್ಪೆ ಕೆರೆದರೆ ನಿಲ್ಲಿಸಿ.

ಬಿಎಎಂಎಸ್ ಕೋಲಾರ
ಕೂಸಿನ ಹೊದಿಕೆಗೆ ಹಿಡಿದು, ಗಾಳಿಗೆ ಹರವಿ, ವಾಸನೆ ತೆಳುವಾದ ಮೇಲೆ ಹೊದಿಸಬಹುದು. ಶಾಸ್ತ್ರ ಹೇಳಿದ್ದು ಹೊದಿಕೆಗೇ.

ಚರ್ಮದ ಡಾಕ್ಟ್ರು
ಬಿಸಿಲಿಗೆ ಹಾಕಿ ಸಾಕು. ಇದರಲ್ಲಿ ನಾನು ನೀವು ಒಪ್ಪಲ್ಲ ಬಿಡಿ.

ಅಜ್ಜಿಕಟ್ಟಳೆ
ಮಲ್ಲಿಗೆಯವರೇ, ಇಷ್ಟು ಕೇಳಿದ ಮೇಲೂ ಮಾಡ್ತೀರಾ?

ಮಂಚೇನಹಳ್ಳಿ ಮಲ್ಲಿಗೆ
ಮಾಡ್ತೀನಿ, ಘಮಕ್ಕೆ. ವಾರಕ್ಕೆ ಒಂದೇ ಸಲ, ತಾರಸಿ ಮೇಲೆ, ಬಟ್ಟಲು ಗಾಳಿ ಹೋಗೋ ದಿಕ್ಕಿಗೆ ಇಟ್ಟು. ಡಬ್ಬಿ ಬೇಡ ಅಂತ ತೀರ್ಮಾನ ಆಯ್ತು. ಮಂಕರಿ ಮಾತ್ರ ಮನೆಯಲ್ಲಿ ಇಲ್ಲ, ಸಂತೆಯಲ್ಲಿ ಸಿಗೋದೆಲ್ಲ ಪ್ಲಾಸ್ಟಿಕ್ ಪಟ್ಟಿ ಹೆಣೆದದ್ದು. ಅದು ನಡೆಯುತ್ತಾ?

ಕರಟ ಇದ್ದಿಲು, ತಿಪಟೂರು
ನಡೆಯಲ್ಲ. ಪಟ್ಟಿ ಮೆತ್ತಗಾಗಿ ಕೆಂಡಕ್ಕೆ ಜೋತುಬೀಳುತ್ತೆ, ಆ ಹೊಗೆ ಎಲ್ಲಕ್ಕಿಂತ ಕೆಟ್ಟದ್ದು. ಬಿದಿರಿನದೇ ಬೇಕು, ಒಂದೂವರೆ ಅಡಿ ಎತ್ತರ, ಬೆರಳು ತೂರೋ ಅಷ್ಟು ಸಂದಿ ಬಿಟ್ಟು ಹೆಣೆದದ್ದು. ಮೇದರ ಹತ್ತಿರ ಹೇಳಿ ಮಾಡಿಸಿ. ಸಿಗದಿದ್ದರೆ ಮಂಕರಿಯೇ ಬೇಡ. ಅಗ್ಗಿಷ್ಟಿಕೆ ನೆಲದ ಮೇಲೆ ಇರಲಿ, ನೀವು ಎತ್ತರದ ಸ್ಟೂಲ್ ಮೇಲೆ ಕೂತು ಕೂದಲನ್ನ ಪಕ್ಕಕ್ಕೆ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಳ್ಳಿ. ಮುಗಿದ ಮೇಲೆ ಕೆಂಡದ ಮೇಲೆ ಸುರಿಯೋಕೂ ಅದೇ. ನೀರು ಸುರಿದರೆ ಬಿಸಿ ಮಣ್ಣಿನ ಬಟ್ಟಲು ಸೀಳುತ್ತೆ, ಬಿಸಿ ಬೂದಿ ಮುಖಕ್ಕೆ ಹಾರುತ್ತೆ.